ಟ್ಯಾರೋ, ರಸವಿದ್ಯೆ, ಒಳಗಿನ ಬದಲಾವಣೆ: ಕೆಲಸ ಮಾಡುತ್ತಾ, ಇಲ್ಲ ಫೀಸಿಗೋಸ್ಕರ ಕಟ್ಟಿದ ಕಥೆಯಾ?

ನಿದ್ದೆಗೆಟ್ಟವಳು
ಎಲ್ಲರಿಗೂ ನಮಸ್ಕಾರ. ಒಂದು ಆನ್‌ಲೈನ್ ಕೋರ್ಸಿಗೆ ಸೇರಿದ್ದೇನೆ. ಟ್ಯಾರೋ ಎಲೆಗಳನ್ನು (ಇಸ್ಪೀಟಿನಂತಹ ಚಿತ್ರದ ಎಲೆಗಳು) ಇಟ್ಟುಕೊಂಡು, ರಸವಿದ್ಯೆಯ, ಅಂದರೆ ಲೋಹವನ್ನು ಚಿನ್ನ ಮಾಡುವ ಹಳೆ ವಿದ್ಯೆಯ ನಾಲ್ಕು ಹಂತಗಳ ದಾರಿಯಲ್ಲಿ ಮನಸ್ಸನ್ನು ಬದಲಾಯಿಸಿಕೊಳ್ಳುವುದು ಅಂತ ಅದರ ವಿಷಯ. ಕಪ್ಪು, ಬಿಳಿ, ಹಳದಿ, ಕೆಂಪು. ಭವಿಷ್ಯ ಹೇಳುವುದು ಇಲ್ಲವೇ ಇಲ್ಲ. ಅದೇ ನನಗೆ ಹಿಡಿಸಿದ್ದು.

ಬೆಳಗ್ಗೆ ಒಂದು ಎಲೆ ತೆಗೆಯಬೇಕು, ಚಿತ್ರ ನೋಡಬೇಕು, ಅನಿಸಿದ್ದನ್ನು ಡೈರಿಯಲ್ಲಿ ಬರೆಯಬೇಕು. ಉಪಯೋಗ ಆಗಿದೆ, ಇಲ್ಲ ಅನ್ನಲ್ಲ. ನಮ್ಮತ್ತೆ ತೀರಿಕೊಂಡ ಮೇಲೆ ಮನೆಯಲ್ಲಿ ಯಾರೂ ಬಾಯಿ ಬಿಡದ ಎಷ್ಟೋ ವಿಷಯ ಆ ಡೈರಿಗೆ ಬಂದಿವೆ.

ಆದರೆ ಮೇಡಂ ಹೇಳುವ ಇತಿಹಾಸ ಕೇಳಿದರೆ ತಲೆ ಕೆರೆದುಕೊಳ್ಳಬೇಕು. ಈಜಿಪ್ಟಿನ ಪುರೋಹಿತರು ತಮ್ಮ ಜ್ಞಾನವನ್ನೆಲ್ಲ 22 ಚಿತ್ರಗಳಲ್ಲಿ ಬಚ್ಚಿಟ್ಟರಂತೆ, ಯುರೋಪಿನ ರಸವಾದಿಗಳು ಅದನ್ನು ಗುಟ್ಟಾಗಿ ಕಾಪಾಡಿದರಂತೆ. ಇದು ನಿಜಾನಾ? ಸುಳ್ಳಾದರೆ ನಾನು ಮಾಡುತ್ತಿರುವುದೂ ಸುಳ್ಳಾ? ಮುಂದಿನ ಹಂತಕ್ಕೆ ದುಡ್ಡು ಕಟ್ಟಬೇಕು, ಸಣ್ಣ ಮೊತ್ತವಲ್ಲ. ಅದಕ್ಕೆ ಮುಂಚೆ ಒಮ್ಮೆ ಕೇಳೋಣ ಅಂತ.

ಅನುಮಾನಪ್ಪ
ಕಟ್ಟಬೇಡಿ. ಮುಗೀತು.

ಕಾಫಿ ಕುಡುಕ
ಅನುಮಾನಪ್ಪ ಬಂದರು. ಇನ್ನು ನಾಲ್ಕು ಪುಟ ಗ್ಯಾರಂಟಿ.

ಎಲೆಪೆಟ್ಟಿಗೆ
ಈಜಿಪ್ಟ್ ಕಥೆ ಸುಳ್ಳು. ಆ ಸುಳ್ಳಿಗೆ ಹುಟ್ಟಿದ ವರ್ಷವೂ ಇದೆ, 1781. ಕೂರ್ ದ ಜೆಬೆಲಾಂ ಎಂಬ ಫ್ರೆಂಚ್ ವಿದ್ವಾಂಸ ಪ್ಯಾರಿಸ್‌ನಲ್ಲಿ ಯಾರೋ ಈ ಎಲೆಗಳಲ್ಲಿ ಆಡುವುದನ್ನು ನೋಡಿ, ಇದು ಈಜಿಪ್ಟಿನ ಪುರೋಹಿತರ ಗ್ರಂಥ ಅಂತ ಬರೆದುಬಿಟ್ಟ. ಆಗ ಈಜಿಪ್ಟಿನ ಚಿತ್ರಲಿಪಿ ಓದುವವರು ಭೂಮಿ ಮೇಲೆ ಒಬ್ಬರೂ ಇರಲಿಲ್ಲ. ಶಾಂಪೋಲಿಯನ್ ಅದನ್ನು ಬಿಡಿಸಿದ್ದು 1822ರಲ್ಲಿ. ಅಂದರೆ ಆ ಮನುಷ್ಯ ಏನು ಬೇಕಾದರೂ ಹೇಳಬಹುದಿತ್ತು, ಕೇಳುವವರಿರಲಿಲ್ಲ!

ಟ್ಯಾರೋ ಹುಟ್ಟಿದ್ದು 15ನೇ ಶತಮಾನದಲ್ಲಿ, ಉತ್ತರ ಇಟಲಿಯ ಮಿಲಾನ್, ಫೆರಾರಾ ಕಡೆಯ ಅರಮನೆಗಳಲ್ಲಿ. ಇಸ್ಪೀಟಿನ ಹಾಗೆ ಆಡುವುದಕ್ಕೆ. ನಾಲ್ಕು ಬಣ್ಣದ 56 ಎಲೆಗಳ ಜೊತೆಗೆ 22 ಚಿತ್ರದ ಎಲೆ ಸೇರಿಸಿದರು. ಚಿತ್ರದ ಎಲೆಗಳು ತುರುಫು, ಅಷ್ಟೇ. ಮಿಲಾನ್ ಆಳಿದ ವಿಸ್ಕೊಂಟಿ ಸ್ಫೋರ್ಜಾ ಮನೆತನಕ್ಕೆ ಚಿನ್ನದ ಹಾಳೆ ಹಚ್ಚಿ ಮಾಡಿಸಿದ ಒಂದು ಕಟ್ಟು ಇನ್ನೂ ಉಳಿದಿದೆ. 35 ಎಲೆ ನ್ಯೂಯಾರ್ಕ್‌ನ ಮಾರ್ಗನ್ ಗ್ರಂಥಾಲಯದಲ್ಲಿ, 26 ಬೆರ್ಗಾಮೊದ ಅಕಾಡೆಮಿಯಾ ಕರಾರಾದಲ್ಲಿ, 13 ಖಾಸಗಿಯವರ ಹತ್ತಿರ. ನಾಲ್ಕು ಎಲೆ ಇಲ್ಲ. ಅದರಲ್ಲಿ ಎರಡು ಯಾವುದು ಗೊತ್ತಾ? ಸೈತಾನ ಮತ್ತು ಗೋಪುರ. ಇವತ್ತಿನ ಟ್ಯಾರೋ ಗುರುಗಳಿಗೆ ಅತಿ ಪ್ರಿಯವಾದ ಎಲೆಗಳೇ.

ಅನುಮಾನಪ್ಪ
ಹೇಳಿದೆನಲ್ಲ.

ಎಲೆಪೆಟ್ಟಿಗೆ
ತಡೀರಿ, ಇನ್ನೂ ಇದೆ. 1850ರ ದಶಕದಲ್ಲಿ ಎಲಿಫಾಸ್ ಲೆವಿ ಅನ್ನುವವನು 22 ಎಲೆಗಳನ್ನು ಹೀಬ್ರೂ ಭಾಷೆಯ 22 ಅಕ್ಷರಗಳಿಗೆ ಗಂಟು ಹಾಕಿದ. 1888ರಲ್ಲಿ ಲಂಡನ್ನಿನಲ್ಲಿ ಗೋಲ್ಡನ್ ಡಾನ್ ಅಂತ ಒಂದು ಗುಪ್ತ ಕೂಟ ಶುರುವಾಯಿತು. ಅವರು ಗ್ರಹ, ರಾಶಿ, ಪಂಚಭೂತ, ರಸವಿದ್ಯೆ ಎಲ್ಲವನ್ನೂ ಇದರ ಮೇಲೆ ಹೇರಿದರು. ಆ ಕೂಟದವರೇ ಆದ ವೇಟ್ ಮತ್ತು ಪಮೇಲಾ ಕೋಲ್ಮನ್ ಸ್ಮಿತ್ ಸೇರಿ 1909ರಲ್ಲಿ ತಂದದ್ದು ಈಗ ಎಲ್ಲ ಕಡೆ ಸಿಗುವ ಎಲೆಗಳು. ಚಿತ್ರ ಪೂರ್ತಿ ಸ್ಮಿತ್‌ದು. ಆದರೆ ಎಷ್ಟೋ ವರ್ಷ ಪೆಟ್ಟಿಗೆ ಮೇಲೆ ಇದ್ದ ಹೆಸರು ಪ್ರಕಾಶಕ ರೈಡರ್ ಮತ್ತು ವೇಟ್ ಅವರದು ಮಾತ್ರ. ಇದು ನನಗೆ ಈಜಿಪ್ಟ್ ಸುಳ್ಳಿಗಿಂತ ಜಾಸ್ತಿ ಸಿಟ್ಟು ಬರಿಸುವ ವಿಷಯ.

ಲಿಯಾನ್ ಕನ್ನಡಿಗ
ಫ್ರಾನ್ಸಿನಲ್ಲಿ ಇವತ್ತಿಗೂ ಟ್ಯಾರೋ ಅಂದರೆ ಮೊದಲು ಆಟ. ನಮ್ಮ ಆಫೀಸಿನಲ್ಲಿ ಊಟ ಆದ ಮೇಲೆ ಒಂದು ಗುಂಪು ಕೂತೇ ಕೂರುತ್ತದೆ. ಆದರೆ ಆ ಕಟ್ಟಿನಲ್ಲಿ ಸಾವು, ಸೈತಾನ ಯಾರೂ ಇಲ್ಲ. ತುರುಫಿನ ಮೇಲೆ ಜನ ಕುಣಿಯುವ, ತಿರುಗಾಡುವ ಚಿತ್ರಗಳು. ಹಾರ್ಟ್ಸ್, ಸ್ಪೇಡ್ಸ್ ಎಲ್ಲ ನಮ್ಮ ಇಸ್ಪೀಟಿನವೇ. ಒಬ್ಬರ ಹತ್ತಿರ "ಇದರಲ್ಲಿ ಆತ್ಮದ ಪ್ರಯಾಣ ಇದೆಯಂತೆ" ಅಂದೆ. "ಮೊದಲು ನಿನ್ನ 21ನೇ ತುರುಫು ಇಳಿಸು" ಅಂದರು.

ಟ್ಯಾರೋ ಮೇಜು
ನಾನು ಬೆಂಗಳೂರಿನಲ್ಲಿ ಟ್ಯಾರೋ ಓದುತ್ತೇನೆ, ದುಡ್ಡೂ ತೆಗೆದುಕೊಳ್ಳುತ್ತೇನೆ. ಮೊದಲೇ ಹೇಳಿಬಿಟ್ಟೆ, ಇನ್ನು ಬೈಯಬಹುದು.

ಎಲೆಪೆಟ್ಟಿಗೆಯವರು ಹೇಳಿದ ಇತಿಹಾಸ ಪೂರ್ತಿ ಸರಿ, ನನ್ನ ಹತ್ತಿರ ಬರುವವರಿಗೆ ನಾನೂ ಅದನ್ನೇ ಹೇಳುತ್ತೇನೆ. ಆದರೆ ಒಂದು ವಸ್ತು ಯಾವುದಕ್ಕೆ ಹುಟ್ಟಿತೋ ಅದಕ್ಕೆ ಮಾತ್ರ ಬಳಕೆಯಾಗಬೇಕು ಅಂತ ಎಲ್ಲಿದೆ? ಈ ಚಿತ್ರಗಳಲ್ಲಿ ಬದುಕಿನ ಎಲ್ಲ ಪೆಟ್ಟುಗಳೂ ಇವೆ. ಗೋಪುರ ಸಿಡಿಲು ಬಡಿದು ಕುಸಿಯುತ್ತಿದೆ. ಒಬ್ಬ ಕಾಲಿಗೆ ಹಗ್ಗ ಕಟ್ಟಿಸಿಕೊಂಡು ತಲೆಕೆಳಗಾಗಿ ನೇತಾಡುತ್ತಿದ್ದಾನೆ, ಮುಖ ಮಾತ್ರ ಶಾಂತ. ಎಂಟು ಕತ್ತಿಗಳ ಎಲೆಯಲ್ಲಿ ಕಣ್ಣು ಕಟ್ಟಿದ ಹೆಂಗಸು, ಸುತ್ತ ಕತ್ತಿ, ಆದರೆ ಕಾಲು ಕಟ್ಟಿಲ್ಲ. ಇದನ್ನು ಗಂಡನ ಮನೆ ಬಿಟ್ಟು ಬರಲಾಗದ ಹೆಂಗಸಿನ ಮುಂದೆ ಇಡಿ. ನೀವು ಒಂದು ಮಾತೂ ಆಡಬೇಕಿಲ್ಲ.

ನಾನು "ಅವನು ವಾಪಸ್ ಬರುತ್ತಾನಾ" ಅನ್ನುವ ಪ್ರಶ್ನೆ ತೆಗೆದುಕೊಳ್ಳುವುದಿಲ್ಲ. "ನಾನು ಏನನ್ನು ನೋಡದೆ ತಪ್ಪಿಸಿಕೊಳ್ಳುತ್ತಿದ್ದೇನೆ" ಅಂತ ಕೇಳಿದರೆ ಕೂತು ಮಾತಾಡುತ್ತೇನೆ.

ಅನುಮಾನಪ್ಪ
ಮೇಡಂ, ಎಂಟು ಕತ್ತಿ ಎಲೆಯನ್ನು ಯಾರ ಮುಂದೆ ಇಟ್ಟರೂ ತಮ್ಮದೇ ಕಥೆ ಅನ್ನುತ್ತಾರೆ. 1948ರಲ್ಲಿ ಬರ್ಟ್ರಮ್ ಫೋರರ್ ಅನ್ನುವ ಮನಶ್ಶಾಸ್ತ್ರದ ಮೇಷ್ಟ್ರು ತನ್ನ 39 ವಿದ್ಯಾರ್ಥಿಗಳಿಗೆ ಒಂದು ಪರೀಕ್ಷೆ ಕೊಟ್ಟ. ಆಮೇಲೆ ಪ್ರತಿಯೊಬ್ಬರಿಗೂ "ಇದು ನಿನ್ನ ಸ್ವಭಾವ" ಅಂತ ಒಂದು ಚೀಟಿ ಕೊಟ್ಟ. ಎಷ್ಟು ಸರಿಯಾಗಿದೆ ಅಂತ ಐದಕ್ಕೆ ಅಂಕ ಹಾಕಿ ಅಂದ. ಸರಾಸರಿ ಬಂದದ್ದು 4.26. ಎಲ್ಲರಿಗೂ ಕೊಟ್ಟದ್ದು ಒಂದೇ ಚೀಟಿ! ಅದರ ವಾಕ್ಯಗಳನ್ನು ತೆಗೆದದ್ದು ಅಂಗಡಿಯಲ್ಲಿ ಸಿಗುವ ಜ್ಯೋತಿಷ್ಯ ಪುಸ್ತಕದಿಂದ. ನಿಮ್ಮ ಮೇಜಿನ ಮೇಲೆ ನಡೆಯುವುದೂ ಇದೇ.

ಟ್ಯಾರೋ ಮೇಜು
ಚೀಟಿ ಬರೆದು ಕೊಟ್ಟರೆ ಹೌದು, ಇದೇ. ನಾನು ಚೀಟಿ ಕೊಡುವುದಿಲ್ಲ ಸರ್, ಅವರ ಬಾಯಲ್ಲೇ ಹೇಳಿಸುತ್ತೇನೆ. ಎಲ್ಲರಿಗೂ ಹೊಂದುವ ಚಿತ್ರ ಅನ್ನುವುದು ನನ್ನ ಕೆಲಸಕ್ಕೆ ಅನುಕೂಲ. ನೀವು ಅದನ್ನು ಕಳ್ಳತನ ಹಿಡಿದವರ ಹಾಗೆ ಹೇಳುತ್ತಿದ್ದೀರಿ.

ಕಾಫಿ ಕುಡುಕ
ಗಿಣಿ ಶಾಸ್ತ್ರದವನೂ ಎಲೆಯನ್ನೇ ತೆಗೆಸುತ್ತಿದ್ದ, ಹತ್ತು ರೂಪಾಯಿಗೆ. ಗಿಣಿಗೆ ಸರ್ಟಿಫಿಕೇಟ್ ಇರಲಿಲ್ಲ, ಅದೊಂದೇ ಕೊರತೆ.

ರಸಾಯನ ಮೇಷ್ಟ್ರು
ಟ್ಯಾರೋ ಬಗ್ಗೆ ನಾನು ಮಾತಾಡಲ್ಲ, ರಸವಿದ್ಯೆ ಬಗ್ಗೆ ಎರಡು ಮಾತು. "ರಸವಾದಿಗಳು ನಿಜವಾಗಿ ಲೋಹದ ಬಗ್ಗೆ ಹೇಳುತ್ತಲೇ ಇರಲಿಲ್ಲ, ಎಲ್ಲವೂ ಆತ್ಮದ ಬಗ್ಗೆ" ಅನ್ನುವ ಮಾತು ಎಲ್ಲ ಕೋರ್ಸಿನಲ್ಲೂ ಬರುತ್ತೆ. ಇದು ಹೆಚ್ಚಾಗಿ 19ನೇ ಶತಮಾನದ ಓದು. 1850ರಲ್ಲಿ ಮೇರಿ ಆನ್ ಅಟ್‌ವುಡ್ ಅನ್ನುವ ಇಂಗ್ಲಿಷ್ ಮಹಿಳೆ ಹಾಗೆ ವಾದಿಸಿ ದೊಡ್ಡ ಪುಸ್ತಕ ಬರೆದರು. ಗುಟ್ಟು ಬಯಲಾಯಿತು ಅಂತ ಅಪ್ಪ ಮಗಳಿಬ್ಬರೂ ಹೆದರಿ, ಸಿಕ್ಕಿದ ಪ್ರತಿಗಳನ್ನೆಲ್ಲ ವಾಪಸ್ ತರಿಸಿ ಸುಟ್ಟರು.

ಹಳಬರು ಮಾತ್ರ ಒಲೆ ಮುಂದೆ ಬೆವರು ಸುರಿಸಿದವರು. ಒಂದು ಪ್ರಸಿದ್ಧ ಚಿತ್ರ ಇದೆ. ಬೂದು ತೋಳ ಸತ್ತ ರಾಜನನ್ನು ತಿನ್ನುತ್ತೆ, ಆಮೇಲೆ ತೋಳವನ್ನು ಬೆಂಕಿಗೆ ಹಾಕುತ್ತಾರೆ, ರಾಜ ಎದ್ದು ನಡೆಯುತ್ತಾನೆ. ಕೋರ್ಸಿನವರು ಇದನ್ನು ಅಹಂಕಾರದ ಸಾವು ಅನ್ನುತ್ತಾರೆ. ಪ್ರಯೋಗಾಲಯದಲ್ಲಿ ಇದಕ್ಕೆ ನೇರ ಅರ್ಥವಿದೆ. ತೋಳ ಅಂದರೆ ಆಂಟಿಮನಿಯ ಅದಿರು, ರಾಜ ಅಂದರೆ ಚಿನ್ನ. ಕಲಬೆರಕೆ ಚಿನ್ನವನ್ನು ಆ ಅದಿರಿನ ಜೊತೆ ಕರಗಿಸಿದರೆ ತಾಮ್ರ, ಬೆಳ್ಳಿ ಅದರಲ್ಲಿರುವ ಗಂಧಕದ ಪಾಲಾಗುತ್ತವೆ. ಚಿನ್ನ ಆಂಟಿಮನಿ ಜೊತೆ ತಳಕ್ಕೆ ಇಳಿಯುತ್ತೆ. ಮತ್ತೆ ಕಾಯಿಸಿದರೆ ಆಂಟಿಮನಿ ಹೊಗೆಯಾಗಿ ಹೋಗುತ್ತೆ, ಶುದ್ಧ ಚಿನ್ನ ಉಳಿಯುತ್ತೆ. ಅದು ಒಂದು ರೆಸಿಪಿ, ಗುಟ್ಟಾಗಿರಲಿ ಅಂತ ಚಿತ್ರ ಬರೆದರು. ಲಾರೆನ್ಸ್ ಪ್ರಿನ್ಸಿಪೆ ಎಂಬ ಇತಿಹಾಸಕಾರರು ರಸಾಯನಶಾಸ್ತ್ರಜ್ಞರೂ ಹೌದು. ಅವರು ಇಂತಹ ಹಳೆ ಬರಹಗಳನ್ನು ಹಿಡಿದು ಪ್ರಯೋಗ ಮಾಡಿ, ಗಾಜಿನ ಪಾತ್ರೆಯೊಳಗೆ ಚಿನ್ನ ಮತ್ತು ಪಾದರಸದಿಂದ ಮರದಂತೆ ಕೊಂಬೆಯೊಡೆಯುವ ರೂಪ ಬೆಳೆಸಿ ತೋರಿಸಿದ್ದಾರೆ.

ನಿದ್ದೆಗೆಟ್ಟವಳು
ಮೇಷ್ಟ್ರೇ, ಈ ತೋಳದ ಚಿತ್ರ ನಮ್ಮ ಪಾಠದಲ್ಲಿ ಬಂದಿತ್ತು! ಆಂಟಿಮನಿ ಅಂತ ಯಾರೂ ಹೇಳಲಿಲ್ಲ. ನೀವು ಹೇಳಿದ ಮೇಲೆ ಚಿತ್ರ ಇನ್ನೂ ಚೆನ್ನಾಗಿದೆ ಅನಿಸುತ್ತಿದೆ.

ಹಳೇ ಸೈಕಲ್
ಮೇಷ್ಟ್ರು ಒಂದು ಕಡೆ ಜಾಸ್ತಿ ವಾಲಿದರು ಅಂತ ನನ್ನ ಅನಿಸಿಕೆ. ಒಲೆ ಇತ್ತು ನಿಜ, ಪ್ರಾರ್ಥನೆಯೂ ಇತ್ತಲ್ಲ? ಹೈನ್ರಿಖ್ ಖುನ್‌ರಾತ್ ಅನ್ನುವ ಜರ್ಮನ್ ರಸವಾದಿಯ 1595ರ ಗ್ರಂಥದಲ್ಲಿ ಒಂದು ಚಿತ್ರ ಇದೆ. ಎಡಗಡೆ ಡೇರೆಯಂತಹ ಪೂಜೆಯ ಜಾಗ, ಅದರ ಮುಂದೆ ಮಂಡಿಯೂರಿದ ಮನುಷ್ಯ. ಬಲಗಡೆ ಒಲೆ, ಬಾಟಲಿ. ನಡುವೆ ಮೇಜಿನ ಮೇಲೆ ಸಂಗೀತದ ವಾದ್ಯಗಳು. ಅವನಿಗೆ ಎರಡೂ ಒಂದೇ ಮನೆಯ ಕೆಲಸ. ಯಾಕೊಬ್ ಬೊಮೆ ಅಂತ ಜರ್ಮನಿಯ ಗೊರ್ಲಿಟ್ಸ್ ಊರಿನ ಚಪ್ಪಲಿ ಹೊಲಿಯುವವ, 1624ರಲ್ಲಿ ತೀರಿಕೊಂಡ. ಪಾದರಸ, ಗಂಧಕ, ಉಪ್ಪು ಅನ್ನುವ ಮಾತುಗಳಲ್ಲೇ ದೇವರು, ಆತ್ಮದ ಬಗ್ಗೆ ಬರೆದ. 19ನೇ ಶತಮಾನ ಬರುವವರೆಗೆ ಯಾರೂ ಕಾದಿರಲಿಲ್ಲ.

ರಸಾಯನ ಮೇಷ್ಟ್ರು
ಬೊಮೆ ಒಪ್ಪಿದೆ. ಆದರೆ ಬೊಮೆ ಒಲೆ ಹಚ್ಚಿದವನಲ್ಲ, ಭಾಷೆ ಮಾತ್ರ ಸಾಲ ತಂದ. ನನ್ನ ತಕರಾರು "ಎಲ್ಲವೂ ಆತ್ಮವೇ" ಅನ್ನುವ ಆ "ಎಲ್ಲವೂ" ಬಗ್ಗೆ.

ಹಳೇ ಸೈಕಲ್
ಸ್ವಿಸ್ ಮನಶ್ಶಾಸ್ತ್ರಜ್ಞ ಕಾರ್ಲ್ ಯೂಂಗ್ ಇಲ್ಲದೆ ಈ ಮಾತು ಪೂರ್ತಿಯಾಗಲ್ಲ. 1928ರಲ್ಲಿ ರಿಚರ್ಡ್ ವಿಲ್ಹೆಲ್ಮ್ ಚೀನಾದ ಒಂದು ಹಳೆ ಯೋಗಗ್ರಂಥದ ಅನುವಾದ ಕಳಿಸಿದ ಮೇಲೆ ಯೂಂಗ್‌ಗೆ ರಸವಿದ್ಯೆಯ ಹುಚ್ಚು ಹಿಡಿಯಿತು. ಹಳೆ ಲ್ಯಾಟಿನ್ ಪುಸ್ತಕಗಳನ್ನು ಕೂಡಿಹಾಕಿದರು. 1944ರಲ್ಲಿ ಮನಶ್ಶಾಸ್ತ್ರ ಮತ್ತು ರಸವಿದ್ಯೆ ಬಗ್ಗೆ ದಪ್ಪ ಪುಸ್ತಕ ಬಂತು. ಅವರ ಮಾತಿನ ತಿರುಳು ಇಷ್ಟು: ರಸವಾದಿ ಪಾತ್ರೆಯೊಳಗೆ ಇಣುಕುವಾಗ ತನಗೇ ಗೊತ್ತಿಲ್ಲದೆ ತನ್ನ ಮನಸ್ಸನ್ನೇ ಅಲ್ಲಿ ನೋಡುತ್ತಿದ್ದ. ಆ ಪುಸ್ತಕದಲ್ಲಿ ಹೆಸರಿಲ್ಲದ ಒಬ್ಬರ ಕನಸುಗಳ ಸಾಲೇ ಇದೆ. ಅವರು ಯಾರು ಅಂತ ಆಮೇಲೆ ಗೊತ್ತಾಯಿತು, ಭೌತವಿಜ್ಞಾನಿ ವೋಲ್ಫ್‌ಗಾಂಗ್ ಪೌಲಿ. 1945ರ ನೊಬೆಲ್ ಅವರಿಗೇ ಬಂದದ್ದು.

ತಮಾಷೆ ಏನೆಂದರೆ ಯೂಂಗ್ ಟ್ಯಾರೋ ಬಗ್ಗೆ ಬರೆದದ್ದು ತೀರ ಕಡಿಮೆ. ಕೋರ್ಸುಗಳ ಜಾಹೀರಾತಿನಲ್ಲಿ ಮಾತ್ರ ಯೂಂಗ್ ಫೋಟೊ ಪಕ್ಕದಲ್ಲೇ ಟ್ಯಾರೋ ಎಲೆ.

ಅನುಮಾನಪ್ಪ
ನೊಬೆಲ್ ಬಂದವರೂ ಕೆಟ್ಟ ಕನಸು ಕಾಣುತ್ತಾರೆ. ಅದರಿಂದ ಏನು ಸಾಬೀತಾಯಿತು?

ಕಾಫಿ ಕುಡುಕ
ನಿಮಗೆ ಕನಸೇ ಬೀಳಲ್ಲ ಅನಿಸುತ್ತೆ ಸ್ವಾಮಿ. ಬಿದ್ದರೂ ಆಧಾರ ಕೇಳುತ್ತೀರಿ.

ಹಿತ್ತಲ ಗಿಡ
ನಗುವಿನ ನಡುವೆ ಸ್ವಲ್ಪ ಗಂಭೀರದ ಮಾತು, ಬೇಜಾರು ಮಾಡಿಕೊಳ್ಳಬೇಡಿ.

ನನ್ನ ತಂಗಿ ಇಂತಹದೇ ಒಂದು ಗುಂಪಿಗೆ ಸೇರಿದ್ದಳು. ಯಾವುದು ಅಂತ ಹೇಳಲ್ಲ. ಅವಳಿಗೆ ಊಟ ಸೇರುತ್ತಿರಲಿಲ್ಲ, ಹಾಸಿಗೆ ಬಿಟ್ಟು ಏಳುತ್ತಿರಲಿಲ್ಲ. ಅಲ್ಲಿಯವರು "ನೀನು ಈಗ ಕಪ್ಪು ಹಂತದಲ್ಲಿದ್ದೀಯ, ಇದು ಒಳ್ಳೆಯ ಲಕ್ಷಣ, ಹಳೆಯದು ಕೊಳೆಯಲೇಬೇಕು, ಮಾತ್ರೆ ತಿಂದರೆ ಪ್ರಕ್ರಿಯೆ ನಿಂತುಹೋಗುತ್ತೆ" ಅಂತ ತಲೆಗೆ ತುಂಬಿದರು. ಅವಳು ಡಾಕ್ಟರ್ ಕೊಟ್ಟಿದ್ದ ಮಾತ್ರೆ ಬಿಟ್ಟಳು. ದಿನಾ ಎಲೆ ತೆಗೆಯುವುದು, ಸಾವಿನ ಎಲೆ ಬಂದರೆ ಖುಷಿಪಡುವುದು, ಗೋಪುರ ಬಂದರೆ ಇನ್ನೂ ಖುಷಿ. ನಮಗೆ ಗೊತ್ತಾಗುವ ಹೊತ್ತಿಗೆ ಪರಿಸ್ಥಿತಿ ಕೈ ಮೀರುವುದರಲ್ಲಿತ್ತು. ಈಗ ಚೆನ್ನಾಗಿದ್ದಾಳೆ. ಟ್ರೀಟ್‌ಮೆಂಟ್ ನಡೀತಿದೆ.

ಚಿತ್ರ, ಡೈರಿ ಎಲ್ಲ ಸರಿ. ಆದರೆ ಕಾಯಿಲೆಗೆ ಒಂದು ಚಂದದ ಹೆಸರು ಕೊಟ್ಟು ಅದರಲ್ಲೇ ಕೂರಿಸುವುದನ್ನು ನಾನು ಕ್ಷಮಿಸಲ್ಲ.

ಕೌನ್ಸೆಲರ್ ಅಕ್ಕ
ಹಿತ್ತಲ ಗಿಡ, ನೀವು ಬರೆದದ್ದು ಒಳ್ಳೆಯದಾಯಿತು. ಇಂತಹ ಪ್ರಸಂಗ ನನ್ನ ಹತ್ತಿರವೂ ಬರುತ್ತೆ, ಹೆಸರು ಮಾತ್ರ ಬೇರೆ ಬೇರೆ. ಒಮ್ಮೆ "ಕರ್ಮ ಕಳೆಯುತ್ತಿದೆ", ಇನ್ನೊಮ್ಮೆ "ಕುಂಡಲಿನಿ ಏಳುತ್ತಿದೆ".

ಡೈರಿ ಬರೆಯುವುದರಿಂದ ಎಷ್ಟೋ ಜನಕ್ಕೆ ಉಪಯೋಗವಿದೆ, ಚಿತ್ರ ನೋಡಿ ಮಾತಾಡಿಸುವುದೂ ನಮ್ಮಲ್ಲಿ ಹೊಸದಲ್ಲ. ಆದರೆ ಅದೇ ಎಲೆ, ಅದೇ ಪ್ರಶ್ನೆ, ದಿನಕ್ಕೆ ಹತ್ತು ಸಲ ಕಲೆಸುವುದು ಶುರುವಾದರೆ ಅದು ಯೋಚನೆಯಲ್ಲ, ಗಾಣದೆತ್ತಿನ ಸುತ್ತು. ನಿದ್ದೆ, ಊಟ ಕೆಟ್ಟು, ಬದುಕೇ ಬೇಡ ಅನಿಸುತ್ತಿದ್ದರೆ ಎಲೆ ಪಕ್ಕಕ್ಕಿಟ್ಟು ಫೋನ್ ಎತ್ತಿ. ಟೆಲಿ ಮಾನಸ್ 14416, ಸರ್ಕಾರದ್ದು, ದುಡ್ಡಿಲ್ಲ, ಹಗಲು ರಾತ್ರಿ ಇರುತ್ತೆ, ಕನ್ನಡದಲ್ಲೇ ಮಾತಾಡಬಹುದು.

ಮತ್ತೆ ನಿದ್ದೆಗೆಟ್ಟವಳು ಅವರೇ, ನಿಮ್ಮ ಹೆಸರು ತಮಾಷೆಗೆ ಇಟ್ಟುಕೊಂಡದ್ದಾ?

ನಿದ್ದೆಗೆಟ್ಟವಳು
ಮಗು ಚಿಕ್ಕದಿದ್ದಾಗ ಇಟ್ಟುಕೊಂಡದ್ದು ಅಕ್ಕ. ಈಗ ಅವನು ಹೈಸ್ಕೂಲು. ನಿದ್ದೆ ಚೆನ್ನಾಗಿದೆ. ಕೇಳಿದ್ದಕ್ಕೆ ಥ್ಯಾಂಕ್ಸ್.

ರಸಾಯನ ಮೇಷ್ಟ್ರು
ಹಿತ್ತಲ ಗಿಡ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಹಳೆ ರಸವಾದಿಗಳು ಪಾತ್ರೆಯನ್ನು ಕಪ್ಪಾಗಲಿ ಅಂತ ಬಿಟ್ಟು ಹೋಗುತ್ತಿರಲಿಲ್ಲ. ಅವರ ಬರಹದಲ್ಲಿ ಮತ್ತೆ ಮತ್ತೆ ಬರುವ ಎಚ್ಚರಿಕೆ ಬೆಂಕಿಯ ಬಗ್ಗೆ. ಸಣ್ಣ ಉರಿ ಇಡು, ಅವಸರ ಮಾಡಬೇಡ, ಪಾತ್ರೆ ಸಿಡಿಯುತ್ತೆ ಅಂತ. ಕುದುರೆ ಲದ್ದಿಯ ಕಾವಿನಲ್ಲಿ ವಾರಗಟ್ಟಲೆ ಇಡುತ್ತಿದ್ದರು. ಬೇಕರಿಯವರು ಚಾಕೊಲೇಟ್ ಕರಗಿಸಲು ಬಿಸಿನೀರಿನ ಮೇಲೆ ಪಾತ್ರೆ ಇಡುತ್ತಾರಲ್ಲ, ಬೇನ್ ಮರಿ, ಆ ಹೆಸರೇ ಮೇರಿ ಎಂಬ ಯಹೂದಿ ರಸವಾದಿಯಿಂದ ಬಂದದ್ದು. ಕ್ರಿ.ಶ. 300ರ ಸುಮಾರಿನ ರಸವಾದಿ ಜೋಸಿಮೋಸ್ ಆಕೆಯನ್ನು ದೊಡ್ಡ ಗುರು ಅಂತ ನೆನೆಯುತ್ತಾನೆ. ಈ ಕೋರ್ಸಿನವರು ಹಂತದ ಹೆಸರು ಮಾತ್ರ ಕದ್ದರು, ಉರಿ ನೋಡಿಕೊಳ್ಳುವ ಕೆಲಸ ಕಲಿಯಲಿಲ್ಲ.

ಬಯಲು ಓದುಗ
ಎಲ್ಲರೂ ಯುರೋಪಿನಲ್ಲೇ ಸುತ್ತುತ್ತಿದ್ದೀರಿ, ಅದಕ್ಕೆ ಬಂದೆ. ನಮ್ಮಲ್ಲೂ ಈ ಜಗಳ ಆಗಿದೆ. ಪಾದರಸದಿಂದ ದೇಹವನ್ನು ಗಟ್ಟಿ ಮಾಡಿಕೊಂಡು ಬದುಕಿರುವಾಗಲೇ ಮುಕ್ತಿ ಪಡೆಯುವ ಮಾರ್ಗ ಇತ್ತು. 14ನೇ ಶತಮಾನದ ಮಾಧವಾಚಾರ್ಯರ ಸರ್ವದರ್ಶನಸಂಗ್ರಹದಲ್ಲಿ ಅದಕ್ಕೆ ರಸೇಶ್ವರ ದರ್ಶನ ಅಂತ ಬೇರೆ ಅಧ್ಯಾಯವೇ ಇದೆ.

ಇನ್ನು ಚಾಮರಸನ ಪ್ರಭುಲಿಂಗಲೀಲೆಯಲ್ಲಿ ಗೋರಕ್ಷನ ಪ್ರಸಂಗ. ಗೋರಕ್ಷ ಸಿದ್ಧಿ ಮಾಡಿ ವಜ್ರದ ದೇಹ ಪಡೆದವನು. ಅಲ್ಲಮ ಕತ್ತಿಯಿಂದ ಹೊಡೆದರೆ ಖಣಿಲ್ ಅಂತ ಸದ್ದು ಬರುತ್ತೆ, ಒಂದು ಕೂದಲೂ ಕೊಂಕಲ್ಲ. ಆಮೇಲೆ ಗೋರಕ್ಷ ಅದೇ ಕತ್ತಿಯನ್ನು ಅಲ್ಲಮನ ಮೇಲೆ ಬೀಸಿದರೆ, ಅದು ಗಾಳಿಯಲ್ಲಿ ಆಡಿದ ಹಾಗೆ ಹಾದು ಹೋಗುತ್ತೆ. ಅಲ್ಲಿ ತಾಗಲು ಏನೂ ಇಲ್ಲ, ಬಯಲು. ಗೋರಕ್ಷನ ಗರ್ವ ಅಲ್ಲಿಗೆ ಇಳಿಯಿತು.

ನನಗೆ ಈ ಕೋರ್ಸುಗಳ ಬಗ್ಗೆ ಇರುವ ಅಸಮಾಧಾನವೂ ಇದೇ. ನಾನು ಚಿನ್ನವಾಗುತ್ತೇನೆ, ನಾನು ಮೇಲಿನ ಹಂತಕ್ಕೆ ಹೋಗುತ್ತೇನೆ. ಎಲ್ಲ ನಾನು. ಗಟ್ಟಿಯಾಗುವುದೇ ದೊಡ್ಡ ಸಾಧನೆ ಅಂತ ಗೋರಕ್ಷನೂ ಅಂದುಕೊಂಡಿದ್ದ.

ಎಲೆಪೆಟ್ಟಿಗೆ
ಶೂನ್ಯಸಂಪಾದನೆಯಲ್ಲೂ ಆ ಪ್ರಸಂಗ ಬರುತ್ತೆ.

ಟ್ಯಾರೋ ಮೇಜು
ಬಯಲು ಓದುಗರೇ, ಚೆನ್ನಾಗಿದೆ. ಆದರೆ ಅಲ್ಲಮ ಆಗುವುದಕ್ಕೆ ಮುಂಚೆ ಮನುಷ್ಯ ಬೆಳಗ್ಗೆ ಎದ್ದು ಆಫೀಸಿಗೆ ಹೋಗಬೇಕಲ್ಲ. ನನ್ನ ಹತ್ತಿರ ಬರುವವರಲ್ಲಿ ಜಾಸ್ತಿ ಜನಕ್ಕೆ ಬೇಕಾಗಿರುವುದು ಬಯಲೂ ಅಲ್ಲ, ಚಿನ್ನವೂ ಅಲ್ಲ. ಅಮ್ಮನ ಜೊತೆ ಮತ್ತೆ ಮಾತು ಶುರುಮಾಡುವುದು ಹೇಗೆ ಅಂತ ಕೇಳುತ್ತಾರೆ.

ಚಿಲ್ಲರೆ ಅಂಗಡಿ
ಪಾದರಸದ ಮಾತು ಬಂತು ಅಂತ ಕೇಳುತ್ತೇನೆ. ಆನ್‌ಲೈನಲ್ಲಿ ಪಾದರಸ ಲಿಂಗ ಮಾರುತ್ತಾರಲ್ಲ, ಅಭಿಷೇಕ ಮಾಡಿದ ಹಾಲು ಕುಡಿಯಬಹುದಾ? ನಮ್ಮ ಚಿಕ್ಕಪ್ಪ ತಂದಿಟ್ಟಿದ್ದಾರೆ.

ರಸಾಯನ ಮೇಷ್ಟ್ರು
ಕುಡಿಯಬೇಡಿ. ಖಂಡಿತ ಬೇಡ. ಅದರಲ್ಲಿ ನಿಜವಾಗಿ ಪಾದರಸ ಇದ್ದರೆ ಅಪಾಯ, ಇಲ್ಲದಿದ್ದರೆ ಸೀಸವೋ ತವರವೋ ಏನಿದೆಯೋ. ನ್ಯೂಟನ್‌ಗೂ ರಸವಿದ್ಯೆಯ ಹುಚ್ಚಿತ್ತು. ಉಳಿದಿದ್ದ ಅವರ ಕೂದಲನ್ನು 1970ರ ದಶಕದಲ್ಲಿ ಪರೀಕ್ಷೆ ಮಾಡಿದಾಗ ಪಾದರಸ ಜಾಸ್ತಿಯೇ ಸಿಕ್ಕಿತ್ತು. ಚಿಕ್ಕಪ್ಪನವರಿಗೆ ನನ್ನ ಹೆಸರು ಹೇಳಿ ಬೈದರೂ ಪರವಾಗಿಲ್ಲ.

ಕಾಫಿ ಕುಡುಕ
ಎಲೆ ಅಂದಾಗ ನೆನಪಾಯಿತು, ಮೈಸೂರಿನಲ್ಲೂ ಗಂಜೀಫಾ ಅನ್ನುವ ಹಳೆ ಎಲೆ ಆಟ ಇತ್ತಲ್ಲ? ಅದರಲ್ಲೂ ದೇವರ ಚಿತ್ರ. ಅದನ್ನು ಇಟ್ಟುಕೊಂಡು ಯಾರೂ ಕೋರ್ಸ್ ಶುರುಮಾಡಿಲ್ವಾ?

ಎಲೆಪೆಟ್ಟಿಗೆ
ದಯವಿಟ್ಟು ಐಡಿಯಾ ಕೊಡಬೇಡಿ. ಮುಮ್ಮಡಿ ಕೃಷ್ಣರಾಜ ಒಡೆಯರು ತಾವೇ ಹೊಸ ಎಲೆ ಆಟಗಳನ್ನು ರೂಪಿಸಿದ್ದರು, ಅದಕ್ಕೆ ಚದ ಅಂತ ಹೆಸರು. ಅವರದೇ ಗ್ರಂಥ ಶ್ರೀತತ್ತ್ವನಿಧಿಯ ಕೌತುಕನಿಧಿ ಭಾಗದಲ್ಲಿ ವಿವರ ಇದೆ. ದೇವರ ಚಿತ್ರ ಇದ್ದರೂ ಅದು ಆಟವೇ. ಬೇಕಿದ್ದರೆ ಬೇರೆ ಥ್ರೆಡ್ ತೆಗೆಯುತ್ತೇನೆ.

ನಿದ್ದೆಗೆಟ್ಟವಳು
ಎಲ್ಲ ಓದಿದೆ. ಮುಂದಿನ ಹಂತಕ್ಕೆ ದುಡ್ಡು ಕಟ್ಟುತ್ತಿಲ್ಲ. ಎಲೆಗಳನ್ನು ಬಿಸಾಡುವುದೂ ಇಲ್ಲ, ಅನುಮಾನಪ್ಪ ಸರ್ ಬೇಜಾರು ಮಾಡಿಕೊಳ್ಳಬಾರದು. ಟ್ಯಾರೋ ಮೇಜು ಮೇಡಂ, ಪುಸ್ತಕದ ಅರ್ಥ ನೋಡುವುದಕ್ಕೆ ಮುಂಚೆ ಬರೆಯಬೇಕಾ, ಆಮೇಲಾ?

ಟ್ಯಾರೋ ಮೇಜು
ಮುಂಚೆ. ಚಿತ್ರದಲ್ಲಿ ಕಣ್ಣು ಮೊದಲು ಎಲ್ಲಿಗೆ ಹೋಯಿತು ಅಂತ ಬರೆಯಿರಿ. ನಾಯಿ, ನದಿ, ಹಿಂದೆ ಇರುವ ಬೆಟ್ಟ, ಏನಾದರೂ ಸರಿ. ಅದು ಯಾರನ್ನು ನೆನಪಿಸಿತು ಅಂತ ಬರೆಯಿರಿ. ಪುಸ್ತಕ ತೆಗೆಯದಿದ್ದರೂ ನಷ್ಟವಿಲ್ಲ. ಒಂದು ಎಲೆ ಸಾಕು, ಇಷ್ಟವಾಗಲಿಲ್ಲ ಅಂತ ಇನ್ನೊಂದು ಎಳೆಯಬೇಡಿ.

ಅನುಮಾನಪ್ಪ
ಹಾಗಾದರೆ ಎಲೆಯೇ ಯಾಕೆ? ಕ್ಯಾಲೆಂಡರ್ ಚಿತ್ರ ನೋಡಿ ಬರೆದರೂ ಆಗುತ್ತಲ್ಲ.

ಟ್ಯಾರೋ ಮೇಜು
ಆಗುತ್ತೆ. ಆದರೆ ಕ್ಯಾಲೆಂಡರಿನಲ್ಲಿ ತಿಂಗಳಿಗೊಂದೇ ಚಿತ್ರ ಸರ್, ಅದೂ ಎಲ್ಲ ನಗುತ್ತಿರುವ ದೇವರು. ಕುಸಿಯುವ ಗೋಪುರ ಯಾರೂ ಹಾಕಲ್ಲ.

ಅನುಮಾನಪ್ಪ
ಇದೊಂದು ಪಾಯಿಂಟ್ ನಿಮಗೆ. ಒಂದೇ.

ಚಿಲ್ಲರೆ ಅಂಗಡಿ
ಲಿಯಾನ್ ಕನ್ನಡಿಗ, ಆ ಆಟ ಎಷ್ಟು ಜನ ಆಡಬಹುದು? ಎಲೆ ಹಂಚುವುದು ಹೇಗೆ? ನಮ್ಮ ಮನೆಯಲ್ಲಿ ರಮ್ಮಿ ಆಡಿ ಆಡಿ ಬೇಜಾರಾಗಿದೆ.

ಲಿಯಾನ್ ಕನ್ನಡಿಗ
ಮೂರರಿಂದ ಐದು ಜನ. ನಾಲ್ಕು ಜನ ಇದ್ದರೆ ತಲಾ 18, ನಡುವೆ 6 ಎಲೆ ಮುಚ್ಚಿಡಬೇಕು. ಐದು ಜನ ಇದ್ದರೆ ತಲಾ 15, ನಡುವೆ 3. ಒಬ್ಬ ಕೂಗುತ್ತಾನೆ, ಉಳಿದವರೆಲ್ಲ ಅವನ ವಿರುದ್ಧ. ಒಟ್ಟು 91 ಅಂಕ. ತುರುಫಿನ 1, 21 ಮತ್ತು ಕೋಡಂಗಿ, ಈ ಮೂರು ಮುಖ್ಯ ಎಲೆ. ಮೂರೂ ಕೂಗಿದವನ ಪಾಲಿಗೆ ಬಂದರೆ 36 ಅಂಕಕ್ಕೆ ಗೆಲುವು, ಒಂದೂ ಬರದಿದ್ದರೆ 56 ಮಾಡಬೇಕು. ಐದು ಜನ ಆಡುವಾಗ ಕೂಗಿದವನು ಒಬ್ಬ ರಾಜನ ಹೆಸರು ಹೇಳುತ್ತಾನೆ. ಆ ಎಲೆ ಯಾರ ಕೈಯಲ್ಲಿದೆಯೋ ಅವರು ಅವನ ಪಾರ್ಟ್ನರ್, ಆದರೆ ಆ ಎಲೆ ಬೀಳುವವರೆಗೆ ಬಾಯಿ ಬಿಡುವಂತಿಲ್ಲ. ಐದು ಜನ ಸಿಕ್ಕರೆ ಹಾಗೇ ಆಡಿ, ಜಗಳ ಚೆನ್ನಾಗಿ ಬರುತ್ತೆ.